ಎಳೆ ಜೋಳದ ಮೇವಿನಲ್ಲಿ ವಿಷ: ಮೊದಲೇ ಕಂಡುಹಿಡಿಯುವ ಬಗೆ

ಮಂಡ್ಯ ಜಿಲ್ಲೆಯ ರೈತ ಕುಟುಂಬಗಳಲ್ಲಿ ಕಬ್ಬು, ಭತ್ತಗಳ ಹಣ ಕೈಗೆ ಬರುವುದು ವರ್ಷಕ್ಕೆ ಒಂದೆರಡು ಬಾರಿ. ಮನೆಯ ನಿತ್ಯದ ಖರ್ಚು ನಡೆಯುವುದು ಹೆಚ್ಚಾಗಿ ಡೇರಿಗೆ ಹಾಕುವ ಹಾಲಿನಿಂದ. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಹಾಲು ಒಕ್ಕೂಟವಿದ್ದು, ಸುತ್ತಲ ಹಳ್ಳಿಗಳಲ್ಲಿ ಒಂದೋ ಎರಡೋ ಮಿಶ್ರತಳಿ ಹಸುಗಳನ್ನು ಕಟ್ಟಿರುವ ಸಣ್ಣ ಹಿಡುವಳಿದಾರರೇ ಬಹಳ. ಇಂತಹ ಮನೆಯಲ್ಲಿ ಕರೆಯುವ ಹಸು ಒಂದು ಸತ್ತರೆ ಆಗುವ ನಷ್ಟ ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ.

ಹಸಿರು ಮೇವಿಗಾಗಿ ಬೆಳೆಯುವ ಜೋಳ ಇಂತಹ ಸಾವಿಗೆ ಕಾರಣವಾಗಬಲ್ಲದು. ಜೋಳ ಕೆಟ್ಟ ಮೇವೇನೂ ಅಲ್ಲ. ಕಡಿಮೆ ನೀರಿನಲ್ಲಿ, ಬೇಗ, ಹೆಚ್ಚು ಸೊಪ್ಪು ಕೊಡುವ ಬೆಳೆಗಳಲ್ಲಿ ಅದಕ್ಕೆ ಮೇಲಾದ ಸ್ಥಾನವಿದೆ. ಆದರೆ ಅದೇ ಬೆಳೆ ಎಳೆಯದಾಗಿರುವಾಗ, ಇಲ್ಲವೆ ನೀರಿಲ್ಲದೆ ಬಾಡಿ ನಿಂತಾಗ, ಅದರಲ್ಲಿ ಹೈಡ್ರೋಸಯನಿಕ್ ಆಮ್ಲ ಹುಟ್ಟುವ ಗುಣವಿರುತ್ತದೆ. ಪ್ರಸಿಕ್ ಆಮ್ಲ ಎಂದೂ ಕರೆಯುವ ಇದು ಸಯನೈಡ್ ವರ್ಗಕ್ಕೆ ಸೇರಿದ ಘೋರ ವಿಷ.

ಘಟನೆ ನಡೆಯುವ ಬಗೆ ಸಾಮಾನ್ಯವಾಗಿ ಒಂದೇ. ಹಗಲೆಲ್ಲ ಬಯಲಿನಲ್ಲಿ ಅಲೆದು ಹೊಟ್ಟೆ ತುಂಬದೆ ಹಿಂದಿರುಗುವ ರಾಸು ದಾರಿಯ ಪಕ್ಕದ ಎಳೆ ಜೋಳದ ಹೊಲಕ್ಕೆ ನುಗ್ಗುತ್ತದೆ. ಇಲ್ಲವೆ ಕಟ್ಟಿದ ಹಗ್ಗ ಬಿಚ್ಚಿಕೊಂಡು ಹೋಗಿ ಮೇಯುತ್ತದೆ. ಕಾಲು ಗಂಟೆಯೊಳಗೆ ಉಸಿರಾಟ ಜೋರಾಗುತ್ತದೆ. ಬಾಯಿಂದ ನೊರೆ ಬರುತ್ತದೆ, ಮೈ ನಡುಗುತ್ತದೆ, ನಡಿಗೆ ತಪ್ಪಿ ರಾಸು ಕೆಳಗೆ ಬೀಳುತ್ತದೆ. ಕೆಲವು ವೇಳೆ ಹೊಟ್ಟೆಯೂ ಉಬ್ಬುತ್ತದೆ. ವಿಷ ಹೆಚ್ಚಾಗಿದ್ದರೆ ಪಶುವೈದ್ಯರಿಗೆ ಹೇಳಿಕಳುಹಿಸುವಷ್ಟರಲ್ಲಿಯೇ ಪ್ರಾಣ ಹೋಗಿರುತ್ತದೆ. ಬೆಳಗ್ಗೆ ಹಾಲು ಕೊಟ್ಟ ಹಸು ಸಂಜೆಗೆ ಹೀಗೆ ಸತ್ತಾಗ ಮನೆಯವರಿಗೆ ಮೊದಲು ಹೊಳೆಯುವುದು ಹಾವು. ಎರಡನೆಯದು ನೆರೆಯವರು. ಹೊಲದವನು ಮದ್ದು ಇಟ್ಟನೆಂದು ಮಾತು ಬೆಳೆದು ಠಾಣೆಯ ಮೆಟ್ಟಿಲು ಹತ್ತುವುದೂ ಉಂಟು. ಬೆಳೆಯೇ ವಿಷವನ್ನು ತಯಾರಿಸಿಕೊಂಡಿರಬಹುದೆಂಬ ಸಂಶಯ ಬರುವುದು ಅಪರೂಪ.

ವಿಷ ಇರುವುದೆಲ್ಲಿ?

ನಿಸರ್ಗದಲ್ಲಿ ತಾನಾಗಿಯೇ ಉಂಟಾಗುವ ವಿಷಗಳು ಎಲ್ಲವೂ ಒಂದೇ ರೀತಿಯವಲ್ಲ. ಮಲ್ಪೆ, ಮಂಗಳೂರಿನ ಮೀನುಗಾರರ ಬಲೆಗೆ ಆಗಾಗ ಬೀಳುವ ಪಫರ್ ಎಂಬ ಮೀನಿದೆ. ಮುಟ್ಟಿದರೆ ಹೊಟ್ಟೆ ಉಬ್ಬಿಸಿ ಚೆಂಡಿನಂತಾಗುತ್ತದೆ. ಇದರ ಹಲವು ಜಾತಿಗಳ ಪಿತ್ತಜನಕಾಂಗ ಮತ್ತು ಅಂಡಾಶಯಗಳಲ್ಲಿ ಟೆಟ್ರೋಡೋಟಾಕ್ಸಿನ್ ಎಂಬ ವಿಷ ಸಿದ್ಧರೂಪದಲ್ಲಿಯೇ ಸಂಗ್ರಹವಾಗಿರುತ್ತದೆ. ಬೇಯಿಸಿದರೂ ಅದು ಹೋಗುವುದಿಲ್ಲ. ಅದನ್ನು ಪತ್ತೆ ಮಾಡಲು ಜಪಾನಿನಲ್ಲಿ ಬಹುಕಾಲ ಬಳಸಿದ ಕ್ರಮವೆಂದರೆ ಮೀನಿನ ಸಾರವನ್ನು ಇಲಿಮರಿಗೆ ಚುಚ್ಚಿ, ಅದು ಎಷ್ಟು ನಿಮಿಷದಲ್ಲಿ ಸಾಯುತ್ತದೆಂದು ನೋಡುವುದು.

ಜೋಳದ ಸಂಗತಿ ಬೇರೆ. ಹೊಲದಲ್ಲಿ ನಿಂತಿರುವ ಗಿಡದಲ್ಲಿ ಹೈಡ್ರೋಸಯನಿಕ್ ಆಮ್ಲ ಬಿಡಿಯಾಗಿ ಇರುವುದೇ ಇಲ್ಲವೆನ್ನಬಹುದು. ಅಲ್ಲಿರುವುದು ಧುರಿನ್ ಎಂಬ ವಸ್ತು. ಸಕ್ಕರೆಯೊಂದಿಗೆ ಬಂಧಿಸಲ್ಪಟ್ಟಿರುವುದರಿಂದ ಅದು ಗಿಡಕ್ಕೆ ಕೇಡು ಮಾಡುವುದಿಲ್ಲ. ಇದನ್ನು 1902ರಲ್ಲಿ ಡನ್‌ಸ್ಟನ್ ಮತ್ತು ಹೆನ್ರಿ ಎಂಬ ವಿಜ್ಞಾನಿಗಳು ಎಳೆ ಜೋಳದಿಂದ ಬೇರ್ಪಡಿಸಿದರು. ಜೋಳಕ್ಕೆ ಅರಬ್ಬಿಯಲ್ಲಿರುವ ಧುರ್ರಾ ಎಂಬ ಹೆಸರಿನಿಂದಲೇ ಧುರಿನ್ ಎಂಬ ಹೆಸರು ಬಂದಿತು. ಎಲೆಯ ಒಂದು ಬಗೆಯ ಜೀವಕೋಶಗಳಲ್ಲಿ ಧುರಿನ್ ಇದ್ದರೆ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಬಗೆಯ ಜೀವಕೋಶಗಳಲ್ಲಿ ಇರುತ್ತದೆ. ಬೆಂಕಿಕಡ್ಡಿ ಮತ್ತು ಪೆಟ್ಟಿಗೆಯನ್ನು ಬೇರೆ ಬೇರೆ ಗೂಡಿನಲ್ಲಿ ಇಟ್ಟಂತೆ. ದನ ಎಲೆಯನ್ನು ಅಗಿದಾಗ ಕೋಶಗಳು ಒಡೆದು ಎರಡೂ ಕೂಡುತ್ತವೆ. ಆಗ ವಿಷ ಹೊರಬರುತ್ತದೆ. ಮೆಲುಕು ಹಾಕುವ ಪ್ರಾಣಿಗಳ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಾಣು ಜೀವಿಗಳೂ ಧುರಿನ್ ಅನ್ನು ಒಡೆಯಬಲ್ಲವು. ಆದುದರಿಂದಲೇ ಕುದುರೆ, ಹಂದಿಗಳಿಗಿಂತ ದನ, ಎಮ್ಮೆ, ಕುರಿಗಳಿಗೆ ಅಪಾಯ ಹೆಚ್ಚು.

ರಕ್ತಕ್ಕೆ ಸೇರಿದ ಸಯನೈಡ್ ಜೀವಕೋಶಗಳು ಆಮ್ಲಜನಕವನ್ನು ಬಳಸಿಕೊಳ್ಳುವ ಕ್ರಿಯೆಯನ್ನೇ ತಡೆಯುತ್ತದೆ. ರಕ್ತದಲ್ಲಿ ಆಮ್ಲಜನಕ ತುಂಬಿದ್ದರೂ ಅಂಗಾಂಗಗಳು ಉಸಿರುಗಟ್ಟಿದಂತಾಗುತ್ತವೆ. ಬಳಕೆಯಾಗದೆ ಉಳಿದ ಆಮ್ಲಜನಕದಿಂದ ರಕ್ತ ಎಳೆಗೆಂಪಾಗಿಯೇ ಇರುತ್ತದೆ. ರೋಗವನ್ನು ಗುರುತಿಸಲು ಈ ಬಣ್ಣ ಮುಖ್ಯ.

ಎಂತಹ ಬೆಳೆಯಲ್ಲಿ ಅಪಾಯ ಹೆಚ್ಚು?

ಮೊಳಕೆಯೊಡೆದಂದಿನಿಂದ ಮೊದಲ ಕೆಲವು ವಾರಗಳಲ್ಲಿ ಧುರಿನ್ ಪ್ರಮಾಣ ಅತಿ ಹೆಚ್ಚು. ಗಿಡ ಬಲಿತಂತೆ ಕಡಿಮೆಯಾಗುತ್ತಾ ಹೋಗುತ್ತದೆ. ಕಾಂಡಕ್ಕಿಂತ ಎಲೆಯಲ್ಲಿ, ಕೆಳಗಿನ ಎಲೆಗಿಂತ ಸುಳಿಯ ಕಡೆಯ ಎಲೆಯಲ್ಲಿ ಅದು ಜಾಸ್ತಿ. ಬಲಿತ ಕಾಳಿನಲ್ಲಿ ಇಲ್ಲವೆನ್ನುವಷ್ಟು ಅಲ್ಪ. ಹಾಗಾಗಿ ಜೋಳದ ರೊಟ್ಟಿ, ಮುದ್ದೆಗಳ ಬಗ್ಗೆ ಯಾರೂ ಭಯಪಡಬೇಕಾಗಿಲ್ಲ. ಆದರೆ ಅದೇ ಕಾಳನ್ನು ನೆನೆಸಿ ಮೊಳಕೆ ಬರಿಸಿದಾಗ ಮೊಳಕೆಯಲ್ಲಿ ಧುರಿನ್ ತುಂಬಿಕೊಳ್ಳುತ್ತದೆ. ಹೆಸರು, ಹುರುಳಿಯ ಹಾಗೆ ಜೋಳದ ಹಸಿ ಮೊಳಕೆಯನ್ನು ತಿನ್ನಬಾರದು.

ವಯಸ್ಸಿನ ಜೊತೆಗೆ ಬೆಳೆಯ ಸಂಕಟವೂ ಲೆಕ್ಕಕ್ಕೆ ಬರುತ್ತದೆ. ನೀರಿಲ್ಲದೆ ಬೆಳವಣಿಗೆ ಕುಂಠಿತವಾದ ಜೋಳದಲ್ಲಿ, ವಯಸ್ಸು ಎಷ್ಟೇ ಆಗಿರಲಿ, ವಿಷದ ಅಂಶ ಉಳಿದುಬಿಡುತ್ತದೆ. ಈ ಮಾತನ್ನು ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದ ರೈತರು ವಿಶೇಷವಾಗಿ ಗಮನಿಸಬೇಕು. ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಅನೇಕ ಗ್ರಾಮಗಳಿಗೆ ನಾಲೆಯ ನೀರು ತಡವಾಗಿ ತಲುಪುತ್ತದೆ, ಕಟ್ಟು ಪದ್ಧತಿ ಬಂದರೆ ಇನ್ನೂ ತಡ. 2023ರಲ್ಲಿ ಮುಂಗಾರು ಕೈಕೊಟ್ಟು ಕೃಷ್ಣರಾಜಸಾಗರ ತನ್ನ 124.80 ಅಡಿಯ ಪೂರ್ಣ ಮಟ್ಟ ಮುಟ್ಟದೆ ಹೋಯಿತು. ಅಂತಹ ವರ್ಷಗಳಲ್ಲಿಯೇ ಮೇವಿಗೆ ಬರ, ಅಂತಹ ವರ್ಷಗಳಲ್ಲಿಯೇ ಒಣಗುತ್ತಿರುವ ಜೋಳವನ್ನು ‘ಹಾಳಾಗುವುದರ ಬದಲು ದನವಾದರೂ ತಿನ್ನಲಿ’ ಎಂದು ಬಿಡುವ ಪ್ರಸಂಗ. ಹಸಿವೂ ವಿಷವೂ ಒಟ್ಟಿಗೆ ಬರುವ ಕಾಲವದು.

ಬರದ ಹಿಂದೆಯೇ ಬರುವ ಮಳೆ ಇನ್ನೊಂದು ಅಪಾಯ ತರುತ್ತದೆ. ಒಣಗಿ ನಿಂತಿದ್ದ ಬೆಳೆ ಒಂದು ಒಳ್ಳೆಯ ಮಳೆಗೆ ಥಟ್ಟನೆ ಚಿಗುರುತ್ತದೆ. ನೋಡಲು ಹಚ್ಚಹಸಿರಾಗಿ ಸೊಂಪಾಗಿದ್ದರೂ ಆ ಚಿಗುರೆಲ್ಲ ಎಳೆಯದು. ಕೊಯ್ದ ಮೇಲೆ ಬರುವ ಕೂಳೆಗೂ, ಬುಡದಿಂದ ಒಡೆಯುವ ತೆಂಡೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಕಬ್ಬಿನ ಕೂಳೆಯನ್ನು ಬಲ್ಲ ಮಂಡ್ಯದ ರೈತರಿಗೆ ಕೂಳೆ ಎಂದರೆ ಲಾಭವೆಂಬ ಭಾವನೆ ಸಹಜ. ಜೋಳದ ಕೂಳೆಗೆ ಮಾತ್ರ ಸ್ವಲ್ಪ ಕಾಯಬೇಕು. ಯೂರಿಯಾ ಹೆಚ್ಚಾಗಿ ಕೊಟ್ಟು ರಂಜಕ ಕೊಡದೆ ಬಿಟ್ಟ ಹೊಲಗಳಲ್ಲಿಯೂ ಧುರಿನ್ ಹೆಚ್ಚುತ್ತದೆ.

ಎಷ್ಟು ತಿಂದರೆ ಸಾವು?

ರಾಸಿನ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಸುಮಾರು 2 ಮಿಲಿಗ್ರಾಂ ಹೈಡ್ರೋಸಯನಿಕ್ ಆಮ್ಲ ಪ್ರಾಣಕ್ಕೆ ಅಪಾಯಕರ. 400 ಕಿಲೋ ತೂಗುವ ಹಸುವಿಗೆ ಇದು 800 ಮಿಲಿಗ್ರಾಂ ಆಯಿತು. ಹಸಿ ಮೇವಿನಲ್ಲಿ ಕಿಲೋಗೆ 200 ಮಿಲಿಗ್ರಾಂ ಮೀರಿದರೆ ಅಪಾಯವೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಆ ಪ್ರಮಾಣದ ಮೇವು 4 ಕಿಲೋ ಒಮ್ಮೆಲೇ ಹೊಟ್ಟೆಗೆ ಹೋದರೆ ಸಾಕು. ಹಸಿದ ಹಸುವಿಗೆ 4 ಕಿಲೋ ಹಸಿರು ಯಾವ ಲೆಕ್ಕ? ಮಳವಳ್ಳಿ ತಾಲ್ಲೂಕಿನ ಬಂಡೂರು ಗ್ರಾಮದ ಹೆಸರು ಹೊತ್ತ ಬಂಡೂರು ಕುರಿಗಳ ವಿಷಯ ಇನ್ನೂ ಸೂಕ್ಷ್ಮ. 25 ಕಿಲೋ ತೂಕದ ಕುರಿಗೆ ಅಂತಹ ಮೇವು ಕಾಲು ಕಿಲೋ ಆದರೂ ಸಾಕಾಗುತ್ತದೆ.

ಇಲ್ಲಿ ‘ಒಮ್ಮೆಲೇ’ ಎಂಬ ಪದಕ್ಕೆ ಒತ್ತು ಕೊಡಬೇಕು. ಅಲ್ಪ ಪ್ರಮಾಣದ ಸಯನೈಡನ್ನು ಪ್ರಾಣಿಯ ದೇಹ ತಾನೇ ಗಂಧಕದೊಡನೆ ಕೂಡಿಸಿ, ಅಷ್ಟಾಗಿ ಅಪಾಯವಿಲ್ಲದ ವಸ್ತುವನ್ನಾಗಿ ಮಾಡಿ ಮೂತ್ರದಲ್ಲಿ ಹೊರಹಾಕುತ್ತದೆ. ದಿನವಿಡೀ ಸ್ವಲ್ಪಸ್ವಲ್ಪವಾಗಿ ತಿಂದ ಮೇವು ಕೇಡು ಮಾಡದೆ ಹೋಗಬಹುದು. ಅದೇ ಮೇವನ್ನು ಹತ್ತು ನಿಮಿಷದಲ್ಲಿ ಗಬಗಬನೆ ತಿಂದ ರಾಸು ಬೀಳಬಹುದು. ಒಂದೇ ಹೊಲದಲ್ಲಿ ಮೇದ ಎರಡು ಹಸುಗಳಲ್ಲಿ ಒಂದು ಸತ್ತು ಒಂದು ಉಳಿಯುವುದು ಹೀಗೆ. ‘ನಿನ್ನೆ ತಿಂದಿತ್ತು, ಏನೂ ಆಗಿರಲಿಲ್ಲ’ ಎಂಬ ಮಾತನ್ನು ನಂಬಿ ಕೂರುವಂತಿಲ್ಲ.

ಹಳದಿ ಕಾಗದದ ಪರೀಕ್ಷೆ

ಮೇವಿನಲ್ಲಿರುವ ಈ ವಿಷವನ್ನು ಪತ್ತೆ ಮಾಡಲು ಇಲಿಮರಿಯೂ ಬೇಡ, ದುಬಾರಿ ಯಂತ್ರವೂ ಬೇಡ. ನೂರು ವರ್ಷಕ್ಕೂ ಹಿಂದೆ, 1906ರಲ್ಲಿ, ಗಿನ್ಯಾರ್ ಎಂಬ ಫ್ರೆಂಚ್ ವಿಜ್ಞಾನಿ ಬಳಕೆಗೆ ತಂದ ಪಿಕ್ರೇಟ್ ಕಾಗದದ ಪರೀಕ್ಷೆ ಇಂದಿಗೂ ಉಪಯುಕ್ತವಾಗಿದೆ.

100 ಮಿಲಿಲೀಟರ್ ನೀರಿನಲ್ಲಿ 5 ಗ್ರಾಂ ಸೋಡಿಯಂ ಕಾರ್ಬೊನೇಟ್ ಮತ್ತು ಅರ್ಧ ಗ್ರಾಂ ಪಿಕ್ರಿಕ್ ಆಮ್ಲ ಕರಗಿಸಿ, ಸೋಸುಕಾಗದದ ಪಟ್ಟಿಗಳನ್ನು ಅದರಲ್ಲಿ ಅದ್ದಿ ತೆಗೆಯಲಾಗುತ್ತದೆ. ಪಟ್ಟಿ ಹಳದಿಯಾಗಿರುತ್ತದೆ. ಈ ಕೆಲಸ ಪ್ರಯೋಗಾಲಯದಲ್ಲಿಯೇ ಆಗಬೇಕು. ಪಿಕ್ರಿಕ್ ಆಮ್ಲ ಒಣಗಿದರೆ ಸಿಡಿಯುವ ವಸ್ತು. ಅದನ್ನು ಮನೆಯಲ್ಲಿ ತಂದಿಟ್ಟುಕೊಳ್ಳುವ ಸಾಹಸ ಬೇಡ. ಸಿದ್ಧಪಡಿಸಿದ ಪಟ್ಟಿಗಳನ್ನು ಪಡೆದು ಬಳಸುವುದು ವಿಸ್ತರಣಾ ಕಾರ್ಯಕರ್ತರಿಗೆ, ಪಶುವೈದ್ಯ ಸಿಬ್ಬಂದಿಗೆ ಕಷ್ಟವಲ್ಲ.

ಹೊಲದಿಂದ ಆಗತಾನೆ ಕಿತ್ತ ಎಲೆಗಳನ್ನು ಸಣ್ಣಗೆ ಹೆಚ್ಚಿ ಜಜ್ಜಿ, ಗಾಜಿನ ನಳಿಕೆ ಅಥವಾ ಚಿಕ್ಕ ಶೀಶೆಯ ಕಾಲು ಭಾಗ ತುಂಬಬೇಕು. ಸ್ವಲ್ಪ ನೀರು, ಎರಡು ಮೂರು ಹನಿ ಕ್ಲೋರೋಫಾರಂ ಹಾಕಬೇಕು. ಒದ್ದೆ ಮಾಡಿದ ಹಳದಿ ಪಟ್ಟಿಯನ್ನು ಎಲೆಗೆ ತಾಗದಂತೆ ಮೇಲೆ ತೂಗುಬಿಟ್ಟು ಬಿರಡೆಯನ್ನು ಭದ್ರವಾಗಿ ಹಾಕಿ, ಬೆಚ್ಚಗಿನ ಜಾಗದಲ್ಲಿ ಇಡಬೇಕು. ವಿಷದ ಆವಿ ಏಳುತ್ತಿದ್ದರೆ ಹಳದಿ ಬಣ್ಣ ಕಿತ್ತಳೆಗೆ, ಕಿತ್ತಳೆ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ಕೆಲವೇ ನಿಮಿಷಗಳಲ್ಲಿ ಕೆಂಪಾದರೆ ಆ ಹೊಲದ ಕಡೆಗೆ ದನ ಬಿಡಲೇಕೂಡದು. ಗಂಟೆಗಟ್ಟಲೆ ಕಾದ ಮೇಲೆ ನಸುಬಣ್ಣ ಬಂದರೆ ವಿಷ ಸ್ವಲ್ಪ ಮಟ್ಟಿಗೆ ಇದೆಯೆಂದು ತಿಳಿದು ಇನ್ನೂ ಕೆಲವು ದಿನ ಕಾಯುವುದು ಲೇಸು. ಪಕ್ಕದಲ್ಲಿಯೇ ಇನ್ನೊಂದು ಶೀಶೆಯಲ್ಲಿ ಸಜ್ಜೆಯ ಎಲೆ ಹಾಕಿ ಇಟ್ಟರೆ ಹೋಲಿಕೆಗೆ ಅನುಕೂಲ. ಸಜ್ಜೆಯಲ್ಲಿ ಈ ವಿಷವಿಲ್ಲ.

ಪರೀಕ್ಷೆ ಸುಲಭವಾದರೂ ಮೋಸ ಹೋಗುವ ದಾರಿಗಳು ಇವೆ. ಬದುವಿನ ಪಕ್ಕದ ಬಲಿತ ಗಿಡದಿಂದ ಎಲೆ ಕಿತ್ತು ಪರೀಕ್ಷಿಸಿ, ಹೊಲದ ನಡುವಿನ ಕುಳ್ಳ ಗಿಡಗಳನ್ನು ಮರೆತರೆ ಫಲವಿಲ್ಲ. ಹೊಲದಲ್ಲಿ ಅತ್ಯಂತ ಎಳೆಯದಾದ, ಅತ್ಯಂತ ಬಾಡಿದ ಕಡೆಯಿಂದಲೇ, ಸುಳಿಯ ಎಲೆಗಳನ್ನೇ ಆರಿಸಬೇಕು. ಪೂರ್ತಿ ಒಣಗಿದ ಸೊಪ್ಪಿನಲ್ಲಿ ಕಿಣ್ವ ನಿಸ್ತೇಜವಾಗಿದ್ದು ಕಾಗದ ಹಳದಿಯಾಗಿಯೇ ಉಳಿಯಬಹುದು. ಆದರೂ ಧುರಿನ್ ಒಳಗೇ ಇದ್ದು ದನದ ಹೊಟ್ಟೆಯ ಸೂಕ್ಷ್ಮಾಣುಗಳಿಂದ ಒಡೆಯಬಹುದು. ಅಂತಹ ಮೇವಿನ ಮಾದರಿಯನ್ನು ಪ್ರಯೋಗಾಲಯದಲ್ಲಿ ಕಿಣ್ವ ಸೇರಿಸಿಯೇ ಪರೀಕ್ಷಿಸಬೇಕಾಗುತ್ತದೆ. ಇನ್ನು, ಇವತ್ತಿನ ಫಲಿತಾಂಶ ಇವತ್ತಿನ ಹೊಲಕ್ಕೆ ಮಾತ್ರ. ವಾರ ಬಿಟ್ಟು ಹೊಸ ತೆಂಡೆ ಬಂದರೆ ಮತ್ತೆ ನೋಡಬೇಕು.

ವಿಷ ಇದೆಯೆಂಬುದಷ್ಟೇ ಅಲ್ಲದೆ ಎಷ್ಟಿದೆಯೆಂದು ತಿಳಿಯಬೇಕಾದರೆ ಕೆಂಪಾದ ಪಟ್ಟಿಯ ಬಣ್ಣವನ್ನು ನೀರಿಗೆ ಇಳಿಸಿ ವರ್ಣಮಾಪಕ ಯಂತ್ರದಲ್ಲಿ 510 ನ್ಯಾನೊಮೀಟರ್ ಬೆಳಕಿನಲ್ಲಿ ಅಳೆಯುತ್ತಾರೆ. ಮರಗೆಣಸನ್ನು ಆಹಾರವಾಗಿ ಬಳಸುವ ಆಫ್ರಿಕಾದ ಹಳ್ಳಿಗಳಿಗಾಗಿ ಆಸ್ಟ್ರೇಲಿಯಾದ ವಿಜ್ಞಾನಿ ಹೊವಾರ್ಡ್ ಬ್ರಾಡ್‌ಬರಿ ಇದೇ ತತ್ವದ ಮೇಲೆ ಸರಳ ಪೆಟ್ಟಿಗೆಯೊಂದನ್ನು ರೂಪಿಸಿದರು. ಅದರಲ್ಲಿ ಯಂತ್ರವಿಲ್ಲದೆ ಬಣ್ಣದ ಪಟ್ಟಿಯೊಡನೆ ಹೋಲಿಸಿ ನೋಡಿಯೇ ಪ್ರಮಾಣ ಅಂದಾಜು ಮಾಡಬಹುದು. ಮರಗೆಣಸಿನಲ್ಲಿರುವುದೂ ಸಯನೈಡ್ ಬಿಡುವ ವಸ್ತುವೇ. ಮಲೆನಾಡಿನವರು ಕಳಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತಾ ನೆನೆಸಿಟ್ಟು, ಆ ನೀರನ್ನು ಚೆಲ್ಲಿ ಅಡಿಗೆ ಮಾಡುವುದರ ಹಿಂದೆಯೂ ಇದೇ ಬಗೆಯ ವಿಷವನ್ನು ಕಳೆಯುವ ತಿಳಿವಳಿಕೆ ಇದೆ. ದನಕ್ಕೆ ಹಾಕುವ ಮೇವನ್ನು ಹಾಗೆ ನೆನೆಸಿ ಚೆಲ್ಲಲು ಆಗುವುದಿಲ್ಲವಾದ್ದರಿಂದ ಕಾಯುವುದೊಂದೇ ಉಪಾಯ.

ರಾಸು ಬಿದ್ದಾಗ

ಅನುಮಾನ ಬಂದ ಕ್ಷಣವೇ ಉಳಿದ ರಾಸುಗಳನ್ನು ಹೊಲದಿಂದ ಹೊರಗೆ ಅಟ್ಟಿ, ಗೊಂತಿನಲ್ಲಿರುವ ಜೋಳದ ಸೊಪ್ಪನ್ನು ತೆಗೆದುಹಾಕಬೇಕು. ಹತ್ತಿರದ ಪಶುವೈದ್ಯರಿಗೆ ತಿಳಿಸಬೇಕು. 1962 ಸಂಖ್ಯೆಗೆ ಕರೆ ಮಾಡಿ ಸಂಚಾರಿ ಪಶುಚಿಕಿತ್ಸಾ ವಾಹನವನ್ನು ಕೇಳಬಹುದು. ‘ರಾಸು ಬಿದ್ದಿದೆ’ ಎಂದಷ್ಟೇ ಹೇಳದೆ ‘ಎಳೆ ಜೋಳ ತಿಂದಿದೆ’ ಎಂದು ಹೇಳಿದರೆ ವೈದ್ಯರು ಬೇಕಾದ ಔಷಧಿಯನ್ನೇ ತರುತ್ತಾರೆ. ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್ ದ್ರಾವಣಗಳನ್ನು ರಕ್ತನಾಳದ ಮೂಲಕ ಕೊಡುವುದು ಇದರ ಚಿಕಿತ್ಸೆ. ಎರಡನೆಯದು ಫೋಟೊ ಸ್ಟುಡಿಯೋಗಳಲ್ಲಿ ಹೈಪೋ ಎಂಬ ಹೆಸರಿನಿಂದ ಬಳಕೆಯಲ್ಲಿದ್ದ ಲವಣವೇ. ಸಕಾಲದಲ್ಲಿ ಸಿಕ್ಕರೆ, ಬಿದ್ದ ರಾಸೂ ಎದ್ದು ನಿಲ್ಲಬಲ್ಲದು.

ಬೆಲ್ಲದ ನೀರು, ಮಜ್ಜಿಗೆ, ಹುಣಸೆರಸ ಎಂದು ಸಿಕ್ಕಿದ್ದನ್ನು ಗೊಟ್ಟದಲ್ಲಿ ಹೊಯ್ಯುವ ಅಭ್ಯಾಸ ಹಳ್ಳಿಗಳಲ್ಲಿದೆ. ಉದ್ದೇಶ ಒಳ್ಳೆಯದಾದರೂ, ನಡುಗುತ್ತಾ ಏದುಸಿರು ಬಿಡುತ್ತಿರುವ ರಾಸಿಗೆ ಹೊಯ್ದದ್ದು ಶ್ವಾಸಕೋಶಕ್ಕೆ ಇಳಿದು ಉಳಿಯಬಹುದಾಗಿದ್ದ ಪ್ರಾಣವನ್ನೂ ತೆಗೆಯಬಲ್ಲದು.

ರೈತರು ತಾವೇ ಚುಚ್ಚುಮದ್ದು ತರಿಸಿ ಕೊಡಿಸುವುದೂ ಸಲ್ಲದು. ಇದಕ್ಕೆ ಕಾರಣವಿದೆ. ಬರದಲ್ಲಿ ಯೂರಿಯಾ ಹಾಕಿದ ಮೇವಿನಲ್ಲಿ ನೈಟ್ರೇಟ್ ಎಂಬ ಇನ್ನೊಂದು ವಿಷ ಸೇರಿಕೊಳ್ಳುವುದುಂಟು. ಮುಸುಕಿನ ಜೋಳ, ಸಜ್ಜೆಗಳೂ ಇದಕ್ಕೆ ಹೊರತಲ್ಲ. ಅದರಿಂದಲೂ ರಾಸು ಹೀಗೆಯೇ ಏದುಸಿರು ಬಿಟ್ಟು ಬೀಳುತ್ತದೆ. ಆದರೆ ಆಗ ರಕ್ತ ಎಳೆಗೆಂಪಾಗಿರದೆ ಕಾಫಿ ಕಷಾಯದಂತೆ ಕಂದಾಗಿರುತ್ತದೆ. ಸಯನೈಡ್‌ಗೆ ಮದ್ದಾದ ನೈಟ್ರೈಟನ್ನು ಈ ರಾಸಿಗೆ ಕೊಟ್ಟರೆ ಉರಿಯುವ ಬೆಂಕಿಗೆ ಎಣ್ಣೆ ಸುರಿದಂತೆ. ಒಸಡು, ಕಣ್ಣಿನ ಒಳಪೊರೆ, ರಕ್ತ ಇವುಗಳ ಬಣ್ಣ ನೋಡಿ ನಿರ್ಧರಿಸುವ ಕೆಲಸವನ್ನು ವೈದ್ಯರಿಗೇ ಬಿಡಬೇಕು.

ರಾಸು ಸತ್ತುಹೋದರೆ ಕೂಡಲೆ ಹೂಳಬಾರದು. ವಿಮೆಗೂ, ನೆರೆಹೊರೆಯ ನೆಮ್ಮದಿಗೂ ಕಾರಣ ಖಚಿತವಾಗಬೇಕು. ಮರಣೋತ್ತರ ಪರೀಕ್ಷೆ ಬೇಗ ನಡೆಯಬೇಕು, ಏಕೆಂದರೆ ಸಯನೈಡ್ ಆವಿಯಾಗಿ ಹೋಗುವ ವಿಷ. ದೊಡ್ಡ ಹೊಟ್ಟೆಯಲ್ಲಿರುವ ಮೇವು, ಪಿತ್ತಜನಕಾಂಗ, ಮಾಂಸಖಂಡಗಳ ಮಾದರಿಗಳನ್ನು ಗಾಳಿಯಾಡದ ಶೀಶೆಯಲ್ಲಿ ತುಂಬಿ, ಮಂಜುಗಡ್ಡೆಯಲ್ಲಿಟ್ಟು, ತಡಮಾಡದೆ ಪ್ರಯೋಗಾಲಯಕ್ಕೆ ಕಳುಹಿಸಲಾಗುತ್ತದೆ. ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ರೋಗನಿದಾನಕ್ಕಾಗಿಯೇ ಇರುವ ಸಂಸ್ಥೆ. ಹೊಟ್ಟೆ ತೆರೆದಾಗ ಕಹಿ ಬಾದಾಮಿಯ ವಾಸನೆ ಬರುತ್ತದೆಂದು ಪುಸ್ತಕಗಳಲ್ಲಿದೆ. ಆ ವಾಸನೆ ಎಲ್ಲರ ಮೂಗಿಗೂ ಸಿಕ್ಕುವುದಿಲ್ಲ, ಅದಿಲ್ಲವೆಂದ ಮಾತ್ರಕ್ಕೆ ವಿಷವಿಲ್ಲವೆನ್ನಲಾಗದು. ಕೊಳೆತ ವಸ್ತುವಿನ ಅನಿಲಗಳಿಂದಲೂ ಪಿಕ್ರೇಟ್ ಕಾಗದ ಕೆಂಪಾಗಬಹುದಾದ್ದರಿಂದ ತಡವಾಗಿ ತೆಗೆದ ಮಾದರಿಯನ್ನು ಆ ಕಾಗದದಿಂದಲೇ ತೀರ್ಮಾನಿಸುವುದು ಸರಿಯಲ್ಲ. ದನದ ಬಾಯಲ್ಲಿ ಉಳಿದಿರುವ ಸೊಪ್ಪನ್ನೂ, ಅದು ಮೇದ ಜಾಗದ ನಾಲ್ಕಾರು ಗಿಡಗಳನ್ನೂ ತೆಗೆದಿಟ್ಟರೆ ತನಿಖೆಗೆ ಬಹಳ ಸಹಾಯವಾಗುತ್ತದೆ.

ಮೇವು ಹಾಕುವ ಕ್ರಮ

ಮೇವಿನ ಜೋಳವನ್ನು ಅರ್ಧದಷ್ಟು ಗಿಡಗಳು ತೆನೆ ಹೊರಟು ಹೂವಾದಾಗ ಕೊಯ್ಯುವುದು ಉತ್ತಮ. ಆ ಹಂತದಲ್ಲಿ ಇಳುವರಿಯೂ ಹೆಚ್ಚು, ವಿಷದ ಭಯವೂ ಕಡಿಮೆ. ಹಲವು ಬಾರಿ ಕೊಯ್ಯುವ ತಳಿಗಳಲ್ಲಿ ಮೊದಲ ಕೊಯ್ಲನ್ನು 55-60 ದಿನಕ್ಕೆ, ಮುಂದಿನ ಕೊಯ್ಲುಗಳನ್ನು 40-45 ದಿನಗಳ ಅಂತರದಲ್ಲಿ ಮಾಡಬಹುದು. ಕೂಳೆ ಎರಡು ಅಡಿ ಎತ್ತರ ದಾಟುವವರೆಗೆ ಅದರಲ್ಲಿ ದನ ಮೇಯಿಸಬಾರದು. ಬರದ ನಂತರ ಮಳೆ ಬಂದರೆ ಅಥವಾ ನಾಲೆ ನೀರು ಹಾಯಿಸಿದರೆ ಎರಡು ವಾರ ಬಿಡಬೇಕು. ಯೂರಿಯಾ ಮೇಲುಗೊಬ್ಬರ ಕೊಟ್ಟಿದ್ದರೆ ಎರಡು ಮೂರು ವಾರ. ವಿಷದ ಅಂಶ ಕಡಿಮೆ ಇರುವ ಮೇವಿನ ತಳಿಗಳೂ ಇವೆ. ಮಂಡ್ಯದ ವಿ.ಸಿ. ಫಾರಂನ ವಲಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮೇವಿನ ಬೆಳೆಗಳ ಅಖಿಲ ಭಾರತ ಸಮನ್ವಯ ಯೋಜನೆ ನಡೆಯುತ್ತಿರುವುದರಿಂದ ಬಿತ್ತುವ ಮುನ್ನ ಅಲ್ಲಿ ವಿಚಾರಿಸಬಹುದು. ತಳಿ ಯಾವುದೇ ಆಗಲಿ, ಎಳೆಯದರಲ್ಲಿ ಕೊಯ್ಯಲು ಅದು ಪರವಾನಗಿಯಲ್ಲ.

ಕತ್ತರಿಸಿದ ಜೋಳವನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದರೆ ವಿಷದ ಹೆಚ್ಚಿನ ಭಾಗ ಹೋಗುತ್ತದೆ. ಒಂದೆರಡು ಗಂಟೆ ಬಾಡಿಸಿದ್ದನ್ನು ಒಣಗಿಸಿದ್ದೆಂದು ತಿಳಿಯಬಾರದು. ಅರೆಬಾಡಿದ ಸೊಪ್ಪು ಹಸಿಯಷ್ಟೇ ಅಪಾಯಕರ. ಗುಂಡಿಯಲ್ಲಿ ತುಂಬಿ ರಸಮೇವು ಮಾಡಿದರೆ ವಿಷ ಅರ್ಧಕ್ಕಿಂತಲೂ ಕಡಿಮೆಯಾಗುವುದುಂಟು, ಆದರೆ ಗುಂಡಿಯನ್ನು ಕನಿಷ್ಠ ನಾಲ್ಕು ವಾರ ತೆರೆಯಬಾರದು.

ಅನಿವಾರ್ಯವಾಗಿ ಜೋಳದ ಹೊಲದ ಪಕ್ಕದಲ್ಲಿ ದನ ಹೊಡೆದುಕೊಂಡು ಹೋಗಬೇಕಾದವರು, ಮನೆ ಬಿಡುವ ಮೊದಲೇ ಒಂದಿಷ್ಟು ಭತ್ತದ ಹುಲ್ಲನ್ನೋ ರಾಗಿ ಹುಲ್ಲನ್ನೋ ಹಾಕಿ ಹೊಟ್ಟೆಗೆ ಆಧಾರ ಮಾಡಿಕೊಂಡು ಹೊರಡಬೇಕು. ಹಸಿರು ಜೋಳವನ್ನು ಹೊಸದಾಗಿ ಹಾಕುವಾಗಲೂ ಒಣಹುಲ್ಲಿನೊಡನೆ ಬೆರೆಸಿ, ಮೊದಲ ದಿನ ಒಂದು ಹಿಡಿಕಟ್ಟಿನಷ್ಟು, ಕೊಟ್ಟಿಗೆಯ ಒಂದೇ ರಾಸಿಗೆ ಹಾಕಿ ಒಂದು ಗಂಟೆ ಕಣ್ಣಿಟ್ಟು ನೋಡುವುದು ವಾಡಿಕೆಯಾಗಬೇಕು. ಆ ಒಂದು ಗಂಟೆ ಯಾರಾದರೂ ಕೊಟ್ಟಿಗೆಯ ಬಳಿಯೇ ಇರಬೇಕು.